ಒಂದು ಕಿಲೋಮೀಟರ್ ವೃತ್ತದಿಂದ ಮಾಂಟ್ ಬ್ಲಾಂಕ್ ಸುತ್ತಿಗೆ

ಆಲ್ಪ್ಸ್‌ನಲ್ಲಿ ಹಟ್‌ನಿಂದ ಹಟ್‌ಗೆ ನಡೆಯುವುದು ಹೇಗೆ? ತಯಾರಿಯನ್ನು ಮನೆಯ ಮೆಟ್ಟಿಲಿನಿಂದಲೇ ಶುರುಮಾಡಿ

2020ರ ವಸಂತದಲ್ಲಿ, ಕೊರೊನಾ ಲಾಕ್‌ಡೌನ್ ಕಾಲದಲ್ಲಿ, ಫ್ರಾನ್ಸಿನಲ್ಲಿದ್ದವರ ನಡಿಗೆಗೆ ಕಟ್ಟುಪಾಡಿತ್ತು. ಮನೆಯಿಂದ ಒಂದು ಕಿಲೋಮೀಟರ್ ಒಳಗೆ, ದಿನಕ್ಕೊಂದು ಗಂಟೆ, ಅದೂ ಹೊರಟ ಸಮಯ ಬರೆದು ಸಹಿ ಹಾಕಿದ ಫಾರಂ ಜೊತೆಯಲ್ಲಿದ್ದರೆ ಮಾತ್ರ. ಮೇ 11ರವರೆಗೂ ಹೀಗೇ ನಡೆಯಿತು. ಸ್ಪೇನಿನಲ್ಲಿ ಮೇ 2ರವರೆಗೆ ದೊಡ್ಡವರು ವ್ಯಾಯಾಮಕ್ಕೆಂದು ಹೊರಗೆ ಕಾಲಿಡುವಂತೆಯೇ ಇರಲಿಲ್ಲ. ಫ್ರಾನ್ಸಿನ ತುಲೂಸ್ ಬಳಿ ಒಬ್ಬರು ತಮ್ಮ ಮನೆಯ 7 ಮೀಟರ್ ಬಾಲ್ಕನಿಯಲ್ಲೇ ಆಚೆಗೂ ಈಚೆಗೂ ಓಡಿ ಇಡೀ ಮ್ಯಾರಥಾನ್ ಮುಗಿಸಿದರು.

ಆಗ ನಾನು ಫ್ರಾನ್ಸಿನ ಆಲ್ಪ್ಸ್ ತಪ್ಪಲಿನ ಗ್ರೆನೋಬಲ್‌ನಲ್ಲಿದ್ದೆ. ಊರಿನ ಮೂರು ಕಡೆ ಬೆಟ್ಟಗಳು: ಷಾರ್ತ್ರೂಜ್, ವೆರ್ಕೋರ್, ಬೆಲ್‌ದೋನ್. ಕಿಟಕಿಯಿಂದ ಎಲ್ಲವೂ ಕಾಣುತ್ತಿದ್ದವು, ಹೋಗಲು ಮಾತ್ರ ಅನುಮತಿ ಇರಲಿಲ್ಲ. ನಮ್ಮ ಕಟ್ಟಡದಲ್ಲಿ ಕೆಲವರು ಬೆನ್ನಿಗೆ ಬ್ಯಾಗ್ ಏರಿಸಿಕೊಂಡು ಮೆಟ್ಟಿಲು ಹತ್ತಿ ಇಳಿಯತೊಡಗಿದರು, ನಾನೂ ಸೇರಿಕೊಂಡೆ. ಆ ತಿಂಗಳುಗಳಲ್ಲಿ ನನಗೆ ಮನವರಿಕೆಯಾದ ಸಂಗತಿ ಒಂದೇ. ಹಟ್ ಚಾರಣಕ್ಕೆ ಪರ್ವತಾರೋಹಿಯ ಸಾಹಸ ಬೇಕಿಲ್ಲ, ಇವತ್ತು ನಡೆದು ನಾಳೆಯೂ ನಾಡಿದ್ದೂ ಮತ್ತೆ ನಡೆಯಬಲ್ಲ ಕಾಲು ಬೇಕು. ಆ ಕಾಲನ್ನು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ, ಮೈಸೂರಿನ ಬೀದಿಯಲ್ಲಿ ಕೂತವರೂ ತಯಾರು ಮಾಡಿಕೊಳ್ಳಬಹುದು.

ಮೊದಲು, ಹಟ್ ಚಾರಣ ಎಂದರೇನು

ಕುಮಾರ ಪರ್ವತ ಹತ್ತಿದವರಿಗೆ ಗಿರಿಗದ್ದೆಯ ಭಟ್ಟರ ಮನೆ ಗೊತ್ತು. ಏರುದಾರಿಯ ನಡುವೆ ಬಿಸಿ ಅನ್ನ ಸಾರು ಸಿಗುವ ಆ ಮನೆಯಂಥವು ದಿನದ ನಡಿಗೆಗೊಂದರಂತೆ ಬೆಟ್ಟದುದ್ದಕ್ಕೂ ಇವೆ ಎಂದುಕೊಳ್ಳಿ. ಆಲ್ಪ್ಸ್‌ನ ವ್ಯವಸ್ಥೆ ಅದು. 1862ರಲ್ಲಿ ಆಸ್ಟ್ರಿಯಾದಲ್ಲಿ, 1863ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಇಟಲಿಯಲ್ಲಿ, 1874ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಆಲ್ಪೈನ್ ಕ್ಲಬ್‌ಗಳು ಈ ಹಟ್‌ಗಳಲ್ಲಿ ಬಹಳಷ್ಟನ್ನು ಕಟ್ಟಿದವು, ಉಳಿದವು ಖಾಸಗಿಯವರವು. ಮಲಗಲು ಹಾಸಿಗೆ, ಕಂಬಳಿ, ರಾತ್ರಿಯೂಟ, ಬೆಳಗಿನ ತಿಂಡಿ ಅಲ್ಲೇ ಸಿಗುತ್ತವೆ. ಹಾಗಾಗಿ ಟೆಂಟ್, ಒಲೆ, ಅಕ್ಕಿಬೇಳೆ ಯಾವುದನ್ನೂ ಹೊರಬೇಕಿಲ್ಲ. ನಮ್ಮ ಹಿಮಾಲಯದ ಚಾರಣದಲ್ಲಿ ಹೇಸರಗತ್ತೆ, ಅಡುಗೆಯವರು, ಗೈಡ್ ಎಲ್ಲ ಜೊತೆಗೆ ಬರುವುದುಂಟು. ಇಲ್ಲಿ ನಿಮ್ಮ ಚೀಲ ನಿಮ್ಮದು, ದಾರಿ ನೋಡಿಕೊಳ್ಳುವವರೂ ನೀವೇ.

ದಾರಿ ಆರಿಸುವುದು

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಮಾಂಟ್ ಬ್ಲಾಂಕ್ ಸುತ್ತು. ಪಶ್ಚಿಮ ಯುರೋಪಿನ ಅತಿ ಎತ್ತರದ ಪರ್ವತವನ್ನು ಹತ್ತದೆ, ಅದಕ್ಕೊಂದು ಪ್ರದಕ್ಷಿಣೆ ಹಾಕುವ ದಾರಿ ಇದು. ಜಿನೀವಾದ ವಿಜ್ಞಾನಿ ಒರಾಸ್ ಬೆನೆಡಿಕ್ಟ್ ದ ಸೊಸ್ಯೂರ್ 1767ರಲ್ಲೇ ಹೀಗೆ ಸುತ್ತು ಬಂದಿದ್ದರು. ಈಗಿನ ದಾರಿ ಸುಮಾರು 170 ಕಿ.ಮೀ. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರನ್ನೂ ದಾಟುತ್ತದೆ. ಸಾಮಾನ್ಯವಾಗಿ ಹತ್ತು ಹನ್ನೊಂದು ದಿನ ಹಿಡಿಯುತ್ತದೆ. ಫ್ರಾನ್ಸಿನ ಶಾಮೊನಿ ಕಣಿವೆಯ ಲೆ ಊಷ್ ಎಂಬ ಹಳ್ಳಿಯಿಂದ ಹೊರಟು ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುವುದು ರೂಢಿ.

ಎತ್ತರದ ಭಯ ಬೇಡ. 2,516 ಮೀಟರಿನ ಕೋಲ್ ದ ಲಾ ಸೆನ್ಯ್ ಕಣಿವೆಬಾಗಿಲಿನಲ್ಲಿ (ಕೋಲ್ ಎಂದರೆ ಎರಡು ಬೆಟ್ಟಗಳ ನಡುವೆ ದಾಟುವ ಜಾಗ) ಫ್ರಾನ್ಸ್ ಮುಗಿದು ಇಟಲಿ ಶುರುವಾಗುತ್ತದೆ. 2,537 ಮೀಟರಿನ ಗ್ರಾಂ ಕೋಲ್ ಫೆರೆಯಲ್ಲಿ ಇಟಲಿ ಮುಗಿದು ಸ್ವಿಟ್ಜರ್ಲೆಂಡ್. ಲೇಹ್ ಪಟ್ಟಣವೇ ಇದಕ್ಕಿಂತ ಎತ್ತರದಲ್ಲಿದೆ. ಉಸಿರಿಗಿಂತ ಮಂಡಿಗೆ ಇಲ್ಲಿ ಹೆಚ್ಚು ಕೆಲಸ.

ಯಾವಾಗ ಹೋಗಬೇಕು? ಹಟ್‌ಗಳು ಹೆಚ್ಚಾಗಿ ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ತೆರೆದಿರುತ್ತವೆ. ಜೂನ್‌ನಲ್ಲಿ ಎತ್ತರದ ದಾರಿಗಳ ಮೇಲೆ ಹಳೆಯ ಹಿಮ ಉಳಿದಿರುತ್ತದೆ, ಹಿಮದ ಮೇಲೆ ನಡೆದು ಅಭ್ಯಾಸವಿಲ್ಲದವರು ಆಗ ಹೋಗಬಾರದು. ಆಗಸ್ಟ್ ಕೊನೆಯ ವಾರ ಇದೇ ದಾರಿಯಲ್ಲಿ ದೊಡ್ಡ ಓಟದ ಸ್ಪರ್ಧೆ ನಡೆಯುವುದರಿಂದ ಶಾಮೊನಿಯಲ್ಲಿ ಕೋಣೆ ಸಿಗುವುದು ಕಷ್ಟ. ಸೆಪ್ಟೆಂಬರ್ ಮೊದಲ ಎರಡು ವಾರ ನನಗೆ ಎಲ್ಲಕ್ಕಿಂತ ಇಷ್ಟ, ಜನ ಕಡಿಮೆ.

ದಿನದ ಲೆಕ್ಕ ಹಾಕುವುದು

ಬೆಟ್ಟದಲ್ಲಿ ಕಿಲೋಮೀಟರ್ ಒಂದನ್ನೇ ನಂಬಿದರೆ ಕತ್ತಲಾದ ಮೇಲೆ ಹಟ್ ಸೇರುತ್ತೀರಿ. ಜರ್ಮನ್ ಮಾತಾಡುವ ಆಲ್ಪ್ಸ್ ನಾಡಿನವರ ಲೆಕ್ಕ ಹೀಗಿದೆ: ಸಮತಟ್ಟಿನಲ್ಲಿ ಗಂಟೆಗೆ 4 ಕಿ.ಮೀ., ಏರಿನಲ್ಲಿ ಗಂಟೆಗೆ 300 ಮೀಟರ್ ಎತ್ತರ, ಇಳಿಜಾರಿನಲ್ಲಿ ಗಂಟೆಗೆ 500 ಮೀಟರ್. ದೂರದ ಸಮಯ ಒಂದು ಕಡೆ ಬರೆಯಿರಿ, ಏರಿಳಿತದ ಸಮಯ ಇನ್ನೊಂದು ಕಡೆ. ಎರಡರಲ್ಲಿ ದೊಡ್ಡದಕ್ಕೆ ಚಿಕ್ಕದರ ಅರ್ಧ ಸೇರಿಸಿ.

ಮೊದಲ ದಿನದ ದಾರಿಯನ್ನೇ ನೋಡೋಣ. ಲೆ ಊಷ್‌ನಿಂದ ಕೋಲ್ ದ ವೋಜಾ ಹತ್ತಿ ಲೆ ಕೊಂತಾಮಿನ್ ಎಂಬ ಊರಿಗೆ ಇಳಿಯುವುದು. ದೂರ ಸುಮಾರು 16 ಕಿ.ಮೀ., ಅಂದರೆ 4 ಗಂಟೆ. ಸುಮಾರು 650 ಮೀಟರ್ ಏರು, 500 ಮೀಟರ್ ಇಳಿತ. ಇದಕ್ಕೆ ಹೆಚ್ಚುಕಡಿಮೆ 3 ಗಂಟೆ 10 ನಿಮಿಷ. ನಾಲ್ಕಕ್ಕೆ ಅದರ ಅರ್ಧ ಸೇರಿಸಿದರೆ ಐದೂವರೆ ಗಂಟೆ ದಾಟಿತು. ಇದರಲ್ಲಿ ಊಟ, ಫೋಟೊ, ವಿಶ್ರಾಂತಿ ಯಾವುದೂ ಸೇರಿಲ್ಲ. ಸ್ವಿಟ್ಜರ್ಲೆಂಡಿನ ಹಳದಿ ದಾರಿಫಲಕಗಳ ಮೇಲಿನ ಸಮಯವೂ ಬರೀ ನಡಿಗೆಯದೇ. ನಿಮ್ಮ ಲೆಕ್ಕಕ್ಕೆ ಕನಿಷ್ಠ ಒಂದೂವರೆ ಗಂಟೆ ಸೇರಿಸಿಕೊಳ್ಳಿ.

ಮನೆಯ ಸುತ್ತಲೇ ತಯಾರಿ

ಸುತ್ತು ಹೊಡೆದು ಹೊರಟ ಜಾಗಕ್ಕೇ ಬರುವ ದಾರಿಯಾದ್ದರಿಂದ ಹತ್ತಿದ್ದಷ್ಟನ್ನೂ ಇಳಿಯಲೇಬೇಕು. ಮಾಂಟ್ ಬ್ಲಾಂಕ್ ಸುತ್ತಿನಲ್ಲಿ ಒಟ್ಟು ಏರು ಸುಮಾರು 10,000 ಮೀಟರ್, ಇಳಿತವೂ ಅಷ್ಟೇ. ಹತ್ತುವಾಗ ಏದುಸಿರು ಬಂದರೆ ನಿಂತು ಸುಧಾರಿಸಿಕೊಳ್ಳಬಹುದು. ಇಳಿಯುವಾಗ ಆಗುವ ಪೆಟ್ಟು ಬೇರೆ. ಪ್ರತಿ ಹೆಜ್ಜೆಯಲ್ಲೂ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಅದರಿಂದ ಎಳೆಗಳಲ್ಲಿ ಸಣ್ಣ ಬಿರುಕುಗಳಾಗುತ್ತವೆ, ನೋವು ಕಾಣಿಸಿಕೊಳ್ಳುವುದು ಮರುದಿನ ಮತ್ತು ಅದರ ಮರುದಿನ. ಎರಡನೆಯ ಬೆಳಿಗ್ಗೆ ಹಟ್‌ನ ಮೆಟ್ಟಿಲು ಇಳಿಯಲಾಗದೆ ಕಂಬಿ ಹಿಡಿದು ನಿಲ್ಲುವವರಿಗೆ ಆಗಿರುವುದು ಇದೇ. ಸಮಾಧಾನದ ವಿಷಯವೆಂದರೆ, ಒಮ್ಮೆ ಇಳಿತದ ಅಭ್ಯಾಸವಾದ ಸ್ನಾಯು ವಾರಗಟ್ಟಲೆ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಇಳಿತಗಳಲ್ಲಿ ನೋವು ಗಣನೀಯವಾಗಿ ಕಡಿಮೆ.

ಹಾಗಾಗಿ ಮೆಟ್ಟಿಲು. ಒಂದು ಮಹಡಿ ಸುಮಾರು 3 ಮೀಟರ್ ಎಂದಿಟ್ಟುಕೊಂಡರೆ ಹತ್ತು ಮಹಡಿಯ ಕಟ್ಟಡವನ್ನು ಹತ್ತು ಸಲ ಹತ್ತಿದಾಗ 300 ಮೀಟರ್. ಆಲ್ಪ್ಸ್‌ನ ಒಂದು ಗಂಟೆಯ ಏರು ಅದು. ಕೆಳಗೆ ಬರಲು ಲಿಫ್ಟ್ ಬಳಸಬೇಡಿ. ಇಳಿಯುವುದೇ ಇಲ್ಲಿ ಮುಖ್ಯ ಪಾಠ. ನಿಧಾನವಾಗಿ, ಪೂರ್ತಿ ಪಾದ ಊರಿ, ಮಂಡಿ ಸ್ವಲ್ಪ ಬಾಗಿಸಿ ಇಳಿಯಿರಿ. ಮೂರು ಮಹಡಿಯ ಮನೆಯಾದರೆ ಸುತ್ತು ಹೆಚ್ಚು, ಅಷ್ಟೆ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳಿವೆ, ಅವರು ಪುಣ್ಯವಂತರು. ಆದರೆ ಅವರೂ ಬಸ್ಸಿನಲ್ಲಿ ಇಳಿಯದೆ ಕಾಲಿನಲ್ಲೇ ಇಳಿಯಬೇಕು.

ಮೂರು ತಿಂಗಳು ಮೊದಲೇ ಶುರುಮಾಡಿ. ಮೊದಲ ತಿಂಗಳು ದಿನವೂ ಒಂದು ಗಂಟೆ ನಡಿಗೆ, ವಾರಕ್ಕೆ ಎರಡು ಸಲ ಬರಿಗೈಯಲ್ಲಿ ಮೆಟ್ಟಿಲು. ಎರಡನೆಯ ತಿಂಗಳಿಂದ ಬೆನ್ನಿಗೆ ಬ್ಯಾಗ್ ಬರಲಿ. ಎರಡು ಲೀಟರ್ ನೀರಿನ ಬಾಟಲಿಗಳೇ ತೂಕದ ಕಲ್ಲು: ಮೊದಲು 4 ಕಿಲೊ, ಆಮೇಲೆ 6, ಕೊನೆಗೆ 8. ಮಂಡಿ ನೋವು ಎದ್ದರೆ ತೂಕವನ್ನು ಕೆಳಗಿಟ್ಟು ವಿಶ್ರಾಂತಿ ಕೊಡಿ, ಹಟ ಬೇಡ. ಮೂರನೆಯ ತಿಂಗಳಲ್ಲಿ ಶನಿವಾರ ಭಾನುವಾರ ಎರಡೂ ದಿನ ಬೆನ್ನುಬೆನ್ನಿಗೆ ನಾಲ್ಕೈದು ಗಂಟೆ ನಡೆಯಿರಿ. ಶನಿವಾರಕ್ಕಿಂತ ಭಾನುವಾರದ ನಡಿಗೆ ದೊಡ್ಡ ಗುರು. ದಣಿದ ಕಾಲಿನಲ್ಲಿ ನಡೆಯುವುದನ್ನು ಅದು ಕಲಿಸುತ್ತದೆ. ಇವೆಲ್ಲವನ್ನೂ ಆಲ್ಪ್ಸ್‌ಗೆ ಒಯ್ಯುವ ಶೂ ಹಾಕಿಕೊಂಡೇ ಮಾಡಿ. ಶೂ ಒಂದು ಅಳತೆ ದೊಡ್ಡದಿರಲಿ, ಇಲ್ಲವಾದರೆ ಇಳಿತದಲ್ಲಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ.

ಬುಕಿಂಗ್, ವೀಸಾ, ವಿಮೆ

2020ರ ಬೇಸಿಗೆಯಲ್ಲಿ ಹಟ್‌ಗಳು ಮತ್ತೆ ತೆರೆದಾಗ ಹಾಸಿಗೆಗಳನ್ನು ಕಡಿಮೆ ಮಾಡಿದ್ದರು, ಮಲಗುಚೀಲ ತಮ್ಮದೇ ತರಬೇಕಿತ್ತು, ಮುಂಗಡ ಬುಕಿಂಗ್ ಇಲ್ಲದವರಿಗೆ ಜಾಗವಿರಲಿಲ್ಲ. ಹಾಸಿಗೆಗಳು ಈಗ ಮೊದಲಿನಷ್ಟಾಗಿವೆ. ಬುಕಿಂಗ್ ಮಾಡದೆ ಹೋಗುವ ಯೋಚನೆ ಮಾತ್ರ ಇಂದಿಗೂ ಬೇಡ. ಜುಲೈ, ಆಗಸ್ಟ್‌ಗೆ ಹಿಂದಿನ ಚಳಿಗಾಲದಲ್ಲೇ ಕೂತು ಕಾದಿರಿಸಬೇಕು. ಎಲ್ಲರಿಗೂ ಬೇಕಾದ, ಹತ್ತಿರದಲ್ಲಿ ಬೇರೆ ಆಸರೆ ಇಲ್ಲದ ಹಟ್‌ಗಳನ್ನು ಮೊದಲು ಹಿಡಿಯಿರಿ: ಇಟಲಿ ಭಾಗದ ಎಲಿಸಬೆತ್ತಾ, ಗ್ರಾಂದ್ ಜೊರಾಸ್ ಶಿಖರಗಳಿಗೆ ಮುಖಮಾಡಿ ನಿಂತ ಬೊನಾಟಿ. ಅವು ಸಿಕ್ಕ ತಾರೀಖಿನ ಸುತ್ತ ಉಳಿದ ದಿನಗಳನ್ನು ಹೊಂದಿಸಿ.

ಹಾಸಿಗೆ, ರಾತ್ರಿಯೂಟ, ತಿಂಡಿ ಸೇರಿದ ದರವನ್ನೇ ಆರಿಸಿ. ಒಬ್ಬರಿಗೆ 60ರಿಂದ 80 ಯೂರೊ ಆಸುಪಾಸು ಆಗುತ್ತದೆ, ಸ್ವಿಸ್ ಭಾಗದಲ್ಲಿ ಇನ್ನೂ ಹೆಚ್ಚು. ಸಸ್ಯಾಹಾರಿಗಳು ಬುಕಿಂಗ್ ಸಮಯದಲ್ಲೇ ಬರೆದು ತಿಳಿಸಬೇಕು. ಮೊಟ್ಟೆ, ಚೀಸ್ ತಿನ್ನುತ್ತೀರೋ ಇಲ್ಲವೋ ಎಂಬುದನ್ನೂ. ಅಲ್ಲಿಗೆ ದಿನಸಿ ಬರುವುದು ಜೀಪಿನಲ್ಲಿ ಅಥವಾ ಹೆಲಿಕಾಪ್ಟರಿನಲ್ಲಿ. ಸಂಜೆ ಹೋಗಿ ಕೇಳಿದರೆ ಪಾಪ ಅವರೇನು ಮಾಡಿಯಾರು?

ಹಟ್‌ಗಳ ದೃಢೀಕರಣ ಪತ್ರಗಳನ್ನು ಈ ಮೂರೂ ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದ ಅರ್ಜಿಗೆ ವಸತಿಯ ಪುರಾವೆಯಾಗಿ ಲಗತ್ತಿಸಿ. ಹೆಚ್ಚು ರಾತ್ರಿ ಕಳೆಯುವ ದೇಶಕ್ಕೆ ಅರ್ಜಿ ಹಾಕಬೇಕು. ವೀಸಾಕ್ಕೆ ಕನಿಷ್ಠ 30,000 ಯೂರೊ ವಿಮೆ ಕಡ್ಡಾಯ. ಆದರೆ ಆ ಪಾಲಿಸಿಯಲ್ಲಿ ಬೆಟ್ಟದ ಚಾರಣ ಮತ್ತು ಹೆಲಿಕಾಪ್ಟರ್ ರಕ್ಷಣೆ ಸೇರಿವೆಯೇ, ಎಷ್ಟು ಎತ್ತರದವರೆಗೆ ಎಂಬುದನ್ನು ಓದಿ ನೋಡಿ. ಫ್ರಾನ್ಸಿನಲ್ಲಿ ಬೆಟ್ಟದ ರಕ್ಷಣಾ ಸೇವೆ ಸಾಮಾನ್ಯವಾಗಿ ಉಚಿತ. ಗಡಿ ದಾಟಿ ಸ್ವಿಟ್ಜರ್ಲೆಂಡಿಗೆ ಕಾಲಿಟ್ಟರೆ ಬಿಲ್ ನಿಮ್ಮ ಹೆಸರಿಗೆ.

ಬ್ಯಾಗಿನಲ್ಲಿ ಏನಿರಬೇಕು

ನೀರು ಸೇರಿ 8 ಕಿಲೊ ದಾಟಬಾರದು. ಹಾಕಿಕೊಂಡ ಬಟ್ಟೆ ಬಿಟ್ಟು ಇನ್ನೊಂದು ಜೊತೆ, ಬೆಚ್ಚನೆಯ ಜಾಕೆಟ್, ಒಳ್ಳೆಯ ಮಳೆ ಕೋಟು, ಟೋಪಿ, ತೆಳು ಕೈಗವಸು. ಕಂಬಳಿಯೊಳಗೆ ಹಾಸಿಕೊಂಡು ಮಲಗುವ ತೆಳುವಾದ ರೇಷ್ಮೆ ಅಥವಾ ಹತ್ತಿಯ ಚೀಲ ಕಡ್ಡಾಯ. ಇಳಿತದಲ್ಲಿ ಮಂಡಿ ಉಳಿಸುವ ಎರಡು ಕೋಲು, ಹೆಡ್ ಟಾರ್ಚ್, ಪವರ್ ಬ್ಯಾಂಕ್, ಕಿವಿಗೆ ಹತ್ತಿ, ಕಾಲಿನ ಬೊಬ್ಬೆಗೆ ಪಟ್ಟಿ. ಯೂರೊ ಮತ್ತು ಸ್ವಲ್ಪ ಸ್ವಿಸ್ ಫ್ರಾಂಕ್ ನಗದಾಗಿರಲಿ, ಕಾರ್ಡ್ ಎಲ್ಲ ಕಡೆ ನಡೆಯುವುದಿಲ್ಲ. ಒಂದು ಡಬ್ಬಿ ಚಟ್ನಿಪುಡಿಗೆ ಜಾಗ ಮಾಡಿಕೊಳ್ಳಿ. ನಾಲ್ಕನೆಯ ದಿನದ ಬ್ರೆಡ್ಡಿಗೆ ಅದು ಬೇಕಾಗುತ್ತದೆ.

ದಾರಿಯಲ್ಲಿ

ಬೆಳಿಗ್ಗೆ ಏಳಕ್ಕೆಲ್ಲ ಹೊರಡಿ. ಬೇಸಿಗೆಯಲ್ಲಿ ಗುಡುಗು ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಅಷ್ಟರೊಳಗೆ ಎತ್ತರದ ಜಾಗ ದಾಟಿರಬೇಕು. ಹಿಂದಿನ ಸಂಜೆಯೇ ಹಟ್ ನೋಡಿಕೊಳ್ಳುವವರನ್ನು ಹವಾಮಾನ ಕೇಳಿ. ಅವರು ಬೇಡ ಎಂದರೆ ಬೇಡ.

ಫ್ರಾನ್ಸಿನಲ್ಲಿ ಕೆಂಪು ಬಿಳಿ ಪಟ್ಟಿಗಳ ಗುರುತು ಹಿಡಿದು ನಡೆಯಬೇಕು. ಸ್ವಿಟ್ಜರ್ಲೆಂಡಿನಲ್ಲಿ ಹಳದಿ ಎಂದರೆ ಸುಲಭದ ದಾರಿ, ಬಿಳಿ ಕೆಂಪು ಬಿಳಿ ಎಂದರೆ ಬೆಟ್ಟದ ದಾರಿ. ಬಿಳಿ ನೀಲಿ ಬಿಳಿ ಕಂಡರೆ ಅದು ಅನುಭವಿಗಳದು, ತಿರುಗಿ ಬನ್ನಿ. ಸುತ್ತಿನ ಕೊನೆಯ ಭಾಗದಲ್ಲಿ, ತ್ರೆ ಲ ಶಾಂ ಎಂಬ ಹಳ್ಳಿ ದಾಟಿದ ಮೇಲೆ, ಬಂಡೆಗೆ ಕಬ್ಬಿಣದ ಏಣಿಗಳಿವೆ. ಪ್ರಪಾತ ನೋಡಿದರೆ ತಲೆ ತಿರುಗುವವರು ಕೋಲ್ ದೆ ಮೊಂತೆ ಮೂಲಕ ಹೋಗುವ ಬಳಸುದಾರಿ ಹಿಡಿಯಬಹುದು.

ಕುರಿಹಿಂಡು ಕಂಡಲ್ಲಿ ದೊಡ್ಡ ಬಿಳಿ ಕಾವಲುನಾಯಿಗಳಿರುತ್ತವೆ. ಬೊಗಳುತ್ತ ಬಂದರೆ ಓಡಬೇಡಿ, ಕೋಲು ಎತ್ತಬೇಡಿ, ಕಣ್ಣಿಟ್ಟು ದಿಟ್ಟಿಸಬೇಡಿ. ನಿಂತು, ಮೆಲ್ಲಗೆ ಮಾತಾಡಿಸಿ, ಹಿಂಡಿನಿಂದ ದೂರ ಬಳಸಿ ಹೋಗಿ.

ಹಟ್ ಒಳಗೆ

ಶೂ ಮತ್ತು ಕೋಲು ಬಾಗಿಲ ಬಳಿಯ ಕೋಣೆಯಲ್ಲಿ. ಕೆಲವು ಕಡೆ ತಿಗಣೆಯ ಮುನ್ನೆಚ್ಚರಿಕೆಗಾಗಿ ಬ್ಯಾಗನ್ನೂ ಹೊರಗೇ ಇಡಿಸುತ್ತಾರೆ. ಒಂದೇ ಕೋಣೆಯಲ್ಲಿ ಹತ್ತಿಪ್ಪತ್ತು ಜನ, ಗಂಡಸರು ಹೆಂಗಸರು ಒಟ್ಟಿಗೆ ಸಾಲಾಗಿ ಮಲಗುವ ವ್ಯವಸ್ಥೆ ಸಾಮಾನ್ಯ. ನೀರು ಕಡಿಮೆ, ಸ್ನಾನಕ್ಕೆ ಟೋಕನ್ ಕೊಟ್ಟರೆ ಕೆಲವೇ ನಿಮಿಷ ಬಿಸಿನೀರು. ಏಳು ಗಂಟೆಗೆ ಎಲ್ಲರಿಗೂ ಒಟ್ಟಿಗೆ ಊಟ: ಸೂಪು, ಪಾಸ್ತಾ ಅಥವಾ ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ, ಚೀಸ್. ತಡವಾಗಿ ಬಂದವರಿಗೆ ಅಡುಗೆಮನೆ ಕಾಯುವುದಿಲ್ಲ. ಹತ್ತಕ್ಕೆ ದೀಪ ಆರುತ್ತದೆ, ಬೆಳಗಿನ ಬ್ಯಾಗನ್ನು ಅದಕ್ಕೆ ಮೊದಲೇ ಕಟ್ಟಿಡಿ. ನಸುಕಿನಲ್ಲಿ ಪ್ಲಾಸ್ಟಿಕ್ ಚೀಲ ಪರಪರ ಎನ್ನಿಸಿದರೆ ಇಡೀ ಕೋಣೆ ಎಚ್ಚರ.

ಯೋಜನೆ ಬದಲಾಗಿ ಬುಕ್ ಮಾಡಿದ ಹಟ್‌ಗೆ ಹೋಗದಿದ್ದರೆ ಫೋನ್ ಮಾಡಿ ತಿಳಿಸಲೇಬೇಕು. ಹಾಸಿಗೆ ಇನ್ನೊಬ್ಬರಿಗೆ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ದಾರಿಯಲ್ಲಿ ನಿಮಗೆ ಏನಾಯಿತೋ ಎಂದು ಅವರು ಗಾಬರಿಯಾಗುವುದು ತಪ್ಪುತ್ತದೆ.

ಆಪತ್ತು ಬಂದರೆ

ಮೂರೂ ದೇಶಗಳಲ್ಲಿ 112. ಫೋನ್ ಸಿಗ್ನಲ್ ಇಲ್ಲದಿದ್ದರೆ ಸೀಟಿ ಅಥವಾ ಟಾರ್ಚ್‌ನಿಂದ ನಿಮಿಷಕ್ಕೆ ಆರು ಸಲ ಸಂಜ್ಞೆ, ಒಂದು ನಿಮಿಷ ಬಿಡುವು, ಮತ್ತೆ ಆರು. ನಿಮಿಷಕ್ಕೆ ಮೂರು ಸಂಜ್ಞೆ ಮರಳಿ ಬಂದರೆ ಯಾರೋ ನೋಡಿದ್ದಾರೆಂದು ಅರ್ಥ. ಹೆಲಿಕಾಪ್ಟರ್ ಬಂದಾಗ ಎರಡೂ ಕೈ ಮೇಲೆತ್ತಿ ನಿಂತರೆ ಸಹಾಯ ಬೇಕು ಎಂದು. ಬರೀ ಖುಷಿಗೆ ಹಾಗೆ ಕೈ ಬೀಸಬಾರದು.

ಹತ್ತು ದಿನ ರಜೆ ಸಿಗದಿದ್ದರೆ

ಮೂರು ದಿನದಲ್ಲೂ ಇದರ ರುಚಿ ನೋಡಬಹುದು. ಶಾಮೊನಿಯಿಂದ ಮಾಂಟ್ ಬ್ಲಾಂಕ್ ಸುರಂಗದ ಮೂಲಕ ಬಸ್ಸಿನಲ್ಲಿ ಇಟಲಿಯ ಕೂರ್ಮಯೋರ್‌ಗೆ ಹೋಗಿ. ಮೊದಲ ದಿನ ಬೆರ್ತೊನೆ ಹಟ್‌ಗೆ ಹತ್ತಿ ಅಲ್ಲೇ ಉಳಿಯಿರಿ. ಎರಡನೆಯ ದಿನ ಕಣಿವೆಯಾಚೆಯ ಹಿಮಶಿಖರಗಳನ್ನು ನೋಡುತ್ತ ಬೊನಾಟಿಗೆ. ಈ ಇಡೀ ಸುತ್ತಿನಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ದೊಡ್ಡ ನೋಟ ಇನ್ನೆಲ್ಲೂ ಇಲ್ಲ. ಮೂರನೆಯ ದಿನ ಬೇಗ ಎದ್ದು ಗ್ರಾಂ ಕೋಲ್ ಫೆರೆ ದಾಟಿ ಸ್ವಿಟ್ಜರ್ಲೆಂಡಿನ ಲಾ ಫೂಲಿಗೆ ಇಳಿದರೆ, ಅಲ್ಲಿಂದ ಬಸ್ಸಿನಲ್ಲಿ ಓರ್ಸಿಯೇರ್, ರೈಲಿನಲ್ಲಿ ಮಾರ್ತಿನ್ಯಿ, ಇನ್ನೊಂದು ರೈಲಿನಲ್ಲಿ ಮರಳಿ ಶಾಮೊನಿ. ಬಸ್ಸಿನ ಸಮಯವನ್ನು ಹಿಂದಿನ ರಾತ್ರಿಯೇ ನೋಡಿಟ್ಟುಕೊಂಡು ಹೊರಡಿ.