ಕೋರ್ಟ್ ಕಮಿಷನರ್ ಟೇಪ್ ಹಿಡ್ಕೊಂಡು ಬಂದಾಗ: ನಮ್ಮನೆ ಪಾರ್ಟಿಶನ್ ಕೇಸಿನ ಅನುಭವ

ನಮ್ಮದು ಬೆಂಗಳೂರಲ್ಲಿ 30×40 ಸೈಟಲ್ಲಿರೋ ಹಳೇ ಮನೆ. ಅಪ್ಪ ವಿಲ್ ಬರೀದೆ ಹೋದ್ರು, ಅಕ್ಕ ಪಾರ್ಟಿಶನ್ ದಾವೆ ಹಾಕಿದ್ಲು, ವರ್ಷಗಟ್ಲೆ ವಾಯಿದೆ ಮೇಲೆ ವಾಯಿದೆ ಆಗಿ ಕೊನೆಗೆ ಇಬ್ರಿಗೂ ಅರ್ಧರ್ಧ ಅಂತ ಪ್ರಿಲಿಮಿನರಿ ಡಿಕ್ರಿ ಬಂತು. ಮುಗೀತು ಅಂದ್ಕೊಂಡೆ. ಎಲ್ಲಿ ಮುಗಿಯತ್ತೆ, ಯಾವ ಗೋಡೆಯಿಂದ ಆಚೆ ಯಾರದ್ದು ಅಂತ ತೀರ್ಮಾನಿಸೋಕೆ ಎಫ್‌ಡಿಪಿ (ಫೈನಲ್ ಡಿಕ್ರಿ ಪ್ರೊಸೀಡಿಂಗ್ಸ್) ಅಂತ ಇನ್ನೊಂದು ಸುತ್ತು!

ಅದ್ರಲ್ಲಿ ಕೋರ್ಟು ಒಬ್ರು ವಕೀಲರನ್ನ ಕಮಿಷನರ್ ಆಗಿ ನೇಮಿಸ್ತು, ಅವರ ಫೀಸ್ ನಾವಿಬ್ರೂ ಅರ್ಧರ್ಧ ಕಟ್ಟಿದ್ವಿ. ಇಂಜಿನಿಯರ್ ಜೊತೆ ಬಂದು ಮನೆಯೆಲ್ಲಾ ಅಳತೆ ಮಾಡಿದ್ರು, ನಾನು ಕಾಫಿ ಕೊಟ್ರೆ ಮುಟ್ಲಿಲ್ಲ, "ಅವರ ಕಾಫೀನೂ ಬೇಡ, ನಿಮ್ಮದೂ ಬೇಡ" ಅಂದ್ರು. ರಿಪೋರ್ಟ್ ಏನಂದ್ರೆ ಮೆಟ್ಟಿಲು, ಬಚ್ಚಲು ಎರಡೂ ಮಧ್ಯದಲ್ಲಿದೆ, 15 ಅಡಿ 15 ಅಡಿ ಮಾಡಿದ್ರೆ ಯಾರಿಗೂ ವಾಸಕ್ಕಾಗಲ್ಲ. ಹಂಗಾದ್ರೆ 1893ರ ಪಾರ್ಟಿಶನ್ ಆಕ್ಟ್ ಪ್ರಕಾರ ಮನೆ ಮಾರಿ ದುಡ್ಡು ಹಂಚಬಹುದು, ಅಂದ್ರೆ ಹರಾಜು.

ಆಗ ಜಡ್ಜು, ಮಧ್ಯಸ್ಥರ ಮುಂದೆ ಕೂತು ನೀವೇ ರಾಜಿ ಮಾಡ್ಕೊಳಿ ಅಂತ, ಸಿವಿಲ್ ಪ್ರೊಸೀಜರ್ ಕೋಡ್ (ಸಿಪಿಸಿ) ಸೆಕ್ಷನ್ 89ರಲ್ಲಿ ಮೀಡಿಯೇಷನ್‌ಗೆ ಕಳಿಸಿದ್ರು. 2007ರಲ್ಲಿ ಶುರುವಾದ ಬೆಂಗಳೂರು ಮೀಡಿಯೇಷನ್ ಸೆಂಟರ್, ಅಲ್ಲಿ ನಮ್ ಕೈಯಿಂದ ಫೀಸ್ ಇಲ್ಲ. ನಾನು ತೆರಿಗೆ ರಸೀದಿ, ತಾರಸಿ ರಿಪೇರಿ ಬಿಲ್ಲು ಎಲ್ಲಾ ಹೊತ್ಕೊಂಡು ಹೋಗಿದ್ದೆ. ಮೀಡಿಯೇಟರ್ ಮೇಡಂ "ಫೈಲ್ ಬ್ಯಾಗಲ್ಲೇ ಇರ್ಲಿ ಸಾರ್, ನಾನು ಜಡ್ಜ್ ಅಲ್ಲ" ಅಂದ್ಬಿಟ್ರು. ನಿಜ ಹೇಳ್ಬೇಕಂದ್ರೆ ಸಿಟ್ಟು ಬಂತು, ತೀರ್ಪು ಕೊಡಲ್ಲ ಅಂದ್ರೆ ಇವ್ರು ಯಾಕೆ ಅಂತ.

ಮೊದ್ಲು ಇಬ್ರನ್ನೂ ಎದುರೆದುರು ಕೂರಿಸಿದ್ರು, ಆಮೇಲೆ ಒಬ್ಬೊಬ್ರನ್ನೇ. ಒಬ್ಬೊಬ್ರೇ ಇದ್ದಾಗ ಹೇಳಿದ್ದು ನಾವು ಸರಿ ಅನ್ನೋವರ್ಗೂ ಆ ಕಡೆಗೆ ಹೋಗಲ್ಲ, ಕೋರ್ಟಿಗೂ ಹೋಗಲ್ಲ. ನನ್ನ ಸರದಿ ಬಂದಾಗ ಒಂದು ಹಾಳೆ ಕೊಟ್ಟು ಹರಾಜಲ್ಲಿ ಎಷ್ಟು ಬರಬಹುದು, ಅಲ್ಲೀವರೆಗೆ ವಕೀಲರ ಫೀಸ್ ಎಷ್ಟು, ನೀವೇ ಬರೀರಿ ಅಂದ್ರು. ಬರೆದೆ. ಕೂಡಿ ಕಳೆದು ನೋಡಿದ್ರೆ, ಅಕ್ಕನಿಗೆ ಕೊಡಲ್ಲ ಅಂತ ಹಠ ಹಿಡಿದಿದ್ದ ಮೊತ್ತ ಕೊಟ್ಟು ಮನೆ ಉಳಿಸ್ಕೊಳೋದೇ ನನಗೆ ಲಾಭ!

ಆದ್ರೂ ರೇಟಲ್ಲಿ ಸಿಕ್ಕಾಕೊಂಡ್ವಿ, ಇಬ್ರ ವ್ಯಾಲ್ಯುಯೇಷನ್‌ಗೂ ಅಜಗಜಾಂತರ. ಮೂರನೇ ಸಿಟ್ಟಿಂಗಲ್ಲಿ ಅಕ್ಕನೇ ಅಂದ್ಲು, "ನೀನೇ ಒಂದು ರೇಟ್ ಹೇಳೋ, ಅದೇ ರೇಟಿಗೆ ನಿನ್ನ ಭಾಗ ತಗೊಳ್ಳೋದಾ ನನ್ನದು ಕೊಡೋದಾ ಅಂತ ನಾನು ಹೇಳ್ತೀನಿ." ಅಲ್ಲೀವರ್ಗೂ ಕಮ್ಮಿ ಕಮ್ಮಿ ಅಂತಿದ್ದ ನನ್ ಬಾಯಿ ತಾನಾಗೇ ಮೇಲಕ್ಕೋಯ್ತು. ಅಕ್ಕ ದುಡ್ಡು ತಗೊಂಡ್ಲು, ಮೂರು ಕಂತು.

ಕಂತು ತಪ್ಪಿದ್ರೆ ಏನು ಅಂತ ಕೂಡ ಒಪ್ಪಂದದಲ್ಲಿ ಬರೆಸ್ಕೊಳಿ. ನಮ್ಮ ವಕೀಲ್ರಿಬ್ರೂ ಅದಕ್ಕೇ ಒಂದು ಗಂಟೆ ಜಗಳ ಆಡಿದ್ರು, ಅದು ಸರೀನೇ. ಯಾಕಂದ್ರೆ ರಾಜಿ ಡಿಕ್ರಿ ಮೇಲೆ ಅಪೀಲ್ ಇಲ್ಲ. ಕೋರ್ಟಲ್ಲಿ ಜಡ್ಜು "ಇಷ್ಟಪಟ್ಟೇ ಸಹಿ ಹಾಕಿದ್ರಾ" ಅಂತ ಇಬ್ರನ್ನೂ ಕೇಳಿ ಡಿಕ್ರಿ ಮಾಡಿದ್ರು. ಇನ್ನೊಂದು, ಸ್ಟಾಂಪು ರಿಜಿಸ್ಟ್ರೇಷನ್ ಖರ್ಚು ಎಷ್ಟಾಗತ್ತೆ ಅಂತ ಸಹಿಗೆ ಮುಂಚೆನೇ ವಕೀಲರನ್ನ ಕೇಳ್ಕೊಳಿ, ನಾನು ಆಮೇಲೆ ಕೇಳಿ, ಮೊದಲ ಕಂತಿನ ಜೊತೆಗೆ ಅದನ್ನೂ ಹೊಂದಿಸೋಕೆ ಹೆಂಡ್ತಿ ಬಳೆ ಅಡ ಇಟ್ಟೆ.