ಇಳಿಜಾರಿನ ಮೇಲಿನ ಬಲಗಳು: ಸೈನ್ ಎಲ್ಲಿ, ಕೊಸೈನ್ ಎಲ್ಲಿ?

ಓರೆಯಾಗಿ ಇಟ್ಟ ಹಲಗೆಯ ಮೇಲಿನ ಪೆಟ್ಟಿಗೆ ಜಾರುತ್ತದೆಯೋ ಇಲ್ಲವೋ ಎಂಬುದನ್ನು ಲೆಕ್ಕದಿಂದಲೇ ಹೇಳಬಹುದು. ಅದಕ್ಕೆ ಬೇಕಾದ ತ್ರಿಕೋನಮಿತಿ ಅಲ್ಪವೇ ಆದರೂ ಸೈನ್ ಬರಬೇಕಾದಲ್ಲಿ ಕೊಸೈನ್ ಬರೆದು ಎಡವುವವರು ಬಹಳ ಮಂದಿ.

ಮೊದಲು ಚಿತ್ರ ಬರೆಯಿರಿ. ಪೆಟ್ಟಿಗೆಯ ತೂಕ ನೇರವಾಗಿ ಕೆಳಕ್ಕೆ, ಹಲಗೆಯ ಪ್ರತಿಕ್ರಿಯಾ ಬಲ ಹಲಗೆಗೆ ಲಂಬವಾಗಿ ಮೇಲಕ್ಕೆ, ಘರ್ಷಣೆ ಜಾರುವ ದಿಕ್ಕಿಗೆ ಎದುರಾಗಿ: ಇವು ಮೂರೇ ಬಲಗಳು. ಅಕ್ಷಗಳನ್ನು ನೆಲಕ್ಕೆ ಹೊಂದಿಸದೆ, ಒಂದನ್ನು ಹಲಗೆಯ ಉದ್ದಕ್ಕೂ ಇನ್ನೊಂದನ್ನು ಅದಕ್ಕೆ ಲಂಬವಾಗಿಯೂ ಎಳೆದರೆ, ವಿಭಜಿಸಬೇಕಾದ ಬಲ ತೂಕ ಒಂದೇ ಆಗುತ್ತದೆ.

ಇನ್ನು ಮುಖ್ಯವಾದ ಹಂತ. ಇಲ್ಲಿ ಅವಸರ ಬೇಡ. ಹಲಗೆ ನೆಲದಿಂದ ಎಷ್ಟು ಕೋನ ಏಳುತ್ತದೆಯೋ, ಅದಕ್ಕೆ ಎಳೆದ ಲಂಬರೇಖೆಯೂ ನೇರ ನಿಲುವಿನಿಂದ ಅಷ್ಟೇ ಕೋನ ವಾಲುತ್ತದೆ. ಆದ್ದರಿಂದ ತೂಕದ ರೇಖೆಗೂ ಹಲಗೆಯ ಲಂಬರೇಖೆಗೂ ನಡುವಿನ ಕೋನ ಇಳಿಜಾರಿನ ಕೋನವೇ. ತೂಕವನ್ನು ವಿಕರ್ಣವಾಗಿಟ್ಟು ಲಂಬಕೋನ ತ್ರಿಭುಜ ರಚಿಸಿದಾಗ, ಈ ಕೋನದ ಪಕ್ಕದ ಬಾಹು ಹಲಗೆಯನ್ನು ಒತ್ತುವ ಘಟಕವಾಗುತ್ತದೆ, ಅಂದರೆ ತೂಕ ಗುಣಿಸು ಕೊಸೈನ್. ಎದುರಿನ ಬಾಹು ಕೆಳಕ್ಕೆ ಜಾರಿಸುವ ಘಟಕ, ಅಂದರೆ ತೂಕ ಗುಣಿಸು ಸೈನ್. ಸಂಶಯ ಬಂದರೆ ಹಲಗೆಯನ್ನು ಮನಸ್ಸಿನಲ್ಲೇ ನೆಲಕ್ಕೆ ಮಲಗಿಸಿ ನೋಡಿ: ಕೋನ ಸೊನ್ನೆಯಾದಾಗ ಜಾರಿಸುವ ಬಲವೂ ಸೊನ್ನೆಯಾಗಬೇಕು, ಸೊನ್ನೆಯಾಗುವುದು ಸೈನ್ ಮಾತ್ರ. ಸೂತ್ರವನ್ನು ಬಾಯಿಪಾಠ ಮಾಡುವುದಕ್ಕಿಂತ ಈ ಪರೀಕ್ಷೆಯೇ ಹೆಚ್ಚು ನಂಬಿಕೆಗೆ ಅರ್ಹ ಎಂಬುದು ನನ್ನ ಅಭಿಪ್ರಾಯ.

ಈಗ ಅಂಕಿಗಳು. ಪೆಟ್ಟಿಗೆಯ ದ್ರವ್ಯರಾಶಿ 10 ಕಿಲೋಗ್ರಾಂ, ಕೋನ 30 ಡಿಗ್ರಿ ಇರಲಿ. ಗುರುತ್ವ ವೇಗೋತ್ಕರ್ಷವನ್ನು 9.8 ಎಂದು ಹಿಡಿದರೆ ತೂಕ 98 ನ್ಯೂಟನ್. 30 ಡಿಗ್ರಿಯ ಸೈನ್ 0.5 ಆದ್ದರಿಂದ ಜಾರಿಸುವ ಬಲ 49 ನ್ಯೂಟನ್. ಕೊಸೈನ್ ಸುಮಾರು 0.866 ಆದ್ದರಿಂದ ಒತ್ತುವ ಬಲ ಸುಮಾರು 84.9 ನ್ಯೂಟನ್. ಜಾರುವಾಗಿನ ಘರ್ಷಣಾ ಗುಣಾಂಕ, ಅಂದರೆ ಘರ್ಷಣೆ ಒತ್ತುವ ಬಲದ ಎಷ್ಟು ಪಾಲು ಎಂಬ ಸಂಖ್ಯೆ, 0.3 ಇದ್ದರೆ ಘರ್ಷಣೆ ಸುಮಾರು 25.5 ನ್ಯೂಟನ್. ಉಳಿದ 23.5 ನ್ಯೂಟನ್ ಬಲವನ್ನು 10ರಿಂದ ಭಾಗಿಸಿದರೆ, ಜಾರುತ್ತಿರುವ ಪೆಟ್ಟಿಗೆಯ ವೇಗೋತ್ಕರ್ಷ ಪ್ರತಿ ಸೆಕೆಂಡಿಗೆ, ಸೆಕೆಂಡಿಗೆ ಸುಮಾರು 2.35 ಮೀಟರ್. ಘರ್ಷಣೆಯೇ ಇಲ್ಲದಿದ್ದರೆ ಅದು 4.9, ಅಂದರೆ ನೇರವಾಗಿ ಬೀಳುವ ವಸ್ತುವಿನದರ ಅರ್ಧ. ಬೀಳುವ ವಸ್ತುಗಳ ಚಲನೆಯನ್ನು ಅಳೆಯಲು ಗೆಲಿಲಿಯೋ ಇಳಿಜಾರನ್ನು ಆರಿಸಿಕೊಂಡದ್ದು ಚಲನೆ ಹೀಗೆ ನಿಧಾನವಾಗುವ ಕಾರಣಕ್ಕೇ.

ಪೆಟ್ಟಿಗೆ ನಿಂತಲ್ಲಿಂದ ಕದಲುವುದು ಯಾವಾಗ? ಹಲಗೆಯನ್ನು ನಿಧಾನವಾಗಿ ಎತ್ತುತ್ತಾ ಹೋದರೆ, ಜಾರಿಸುವ ಘಟಕ ನಿಶ್ಚಲ ಘರ್ಷಣೆಯ ಗರಿಷ್ಠ ಮಿತಿಯನ್ನು ಮುಟ್ಟುವ ಕೋನವೊಂದು ಬರುತ್ತದೆ. ಆಗ ಸೈನನ್ನು ಕೊಸೈನಿನಿಂದ ಭಾಗಿಸಿದ ಬೆಲೆ, ಅಂದರೆ ಆ ಕೋನದ ಟ್ಯಾನ್, ನಿಶ್ಚಲ ಘರ್ಷಣಾ ಗುಣಾಂಕಕ್ಕೆ ಸಮ. 27 ಡಿಗ್ರಿಯಲ್ಲಿ ಕದಲಿದರೆ ಗುಣಾಂಕ ಸುಮಾರು 0.51. ಭಾಗಾಕಾರದಲ್ಲಿ ತೂಕ ಎರಡೂ ಕಡೆಯಿಂದ ಹೊಡೆದುಹೋಗುವುದರಿಂದ, ಅದೇ ಪೆಟ್ಟಿಗೆಯೊಳಗೆ ಇನ್ನೂ 10 ಕಿಲೋಗ್ರಾಂ ತುಂಬಿದರೂ ಅದು ಕದಲುವ ಕೋನ ಅದೇ 27 ಡಿಗ್ರಿ.