ಹಪ್ಪಳದಂತಾದ ಹಳೆಯ ಪುಟ: ಮುರಿಯದಂತೆ ಉಳಿಸುವುದು ಹೇಗೆ?

ಮುಟ್ಟಿದರೆ ಮೂಲೆ ಉದುರುವ ಪುಸ್ತಕ ಕೈಗೆ ಬಂದಾಗ ಮೊದಲು ಅಂಟಿನ ಡಬ್ಬಿ ಹುಡುಕಬೇಡಿ. ಗ್ರಂಥಾಲಯಗಳಲ್ಲಿ ಹುಳ ತಿಂದು ಹಾಳಾದ ಪುಸ್ತಕಗಳ ಪಕ್ಕದಲ್ಲೇ ರಿಪೇರಿಯಿಂದ ಹಾಳಾದವೂ ಸಾಲಾಗಿ ನಿಂತಿರುತ್ತವೆ.

ಕಾಗದ ಏಕೆ ಹೀಗಾಗುತ್ತದೆ? 19ನೇ ಶತಮಾನದ ಮಧ್ಯದವರೆಗೆ ಕಾಗದವನ್ನು ಹೆಚ್ಚಾಗಿ ಬಟ್ಟೆಯ ಚಿಂದಿಯಿಂದ ಮಾಡುತ್ತಿದ್ದರು. ಆಮೇಲೆ ಮರದ ತಿರುಳು ಬಂತು. ಶಾಯಿ ಹರಡದಿರಲೆಂದು ರಾಳದ ಜೊತೆ ಪಟಿಕ ಬೆರೆಸುವುದೂ ವಾಡಿಕೆಯಾಯಿತು. ಗಾಳಿಯ ತೇವ ಸೇರಿದಾಗ ಈ ಪಟಿಕದಿಂದ ಆಮ್ಲ ಹುಟ್ಟುತ್ತದೆ. ಆ ಆಮ್ಲ ನಾರಿನ ಸೆಲ್ಯುಲೋಸ್ ಸರಪಳಿಯನ್ನು ಕಡಿಯುತ್ತಾ ಹೋಗುತ್ತದೆ. ಸೆಖೆ ಹೆಚ್ಚಿದಷ್ಟೂ ಈ ಕೆಲಸ ಚುರುಕು. ಹಾಗಾಗಿ ಪುಸ್ತಕದ ವಯಸ್ಸು ನೋಡಿ ಮೋಸಹೋಗಬೇಡಿ. 1840ರ ಚಿಂದಿ ಕಾಗದ ಗಟ್ಟಿಮುಟ್ಟಾಗಿದ್ದು, ಯುದ್ಧಕಾಲದ 1943ರ ಪುಸ್ತಕ ಪುಡಿಯಾಗಿರಬಹುದು.

ಪರೀಕ್ಷೆ ಸುಲಭ. ಅಚ್ಚಿಲ್ಲದ ಹಿಂಬದಿಯ ಹಾಳೆಯೊಂದರ ಕೆಳಮೂಲೆಯನ್ನು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಮಡಿಸಿ. ಅದು ಒಂದು ಜೋಡಿ ಮಡಿಕೆ. ನಾಲ್ಕು ಜೋಡಿ ಮುಗಿಯುವ ಮೊದಲೇ ಮೂಲೆ ಕಳಚಿದರೆ ಆ ಕಾಗದ ಹೊಲಿಗೆಯನ್ನೂ ತಾಳದು, ಮರುಬೈಂಡಿಂಗನ್ನೂ ತಾಳದು. ಪರೀಕ್ಷೆಗೆ ಮೂಲೆಯೇ ಬಲಿಯಾಗುತ್ತದೆ; ಆದ್ದರಿಂದ ಒಂದು ಕಪಾಟಿಗೆ ನಾಲ್ಕೈದು ಪುಸ್ತಕ ನೋಡಿದರೆ ಸಾಕು.

ಹೀಗೆ ಸೋತ ಪುಸ್ತಕಗಳಲ್ಲಿ ಬಹುಪಾಲಿಗೆ ರಿಪೇರಿ ಬೇಡವೇ ಬೇಡ. ಮೆತ್ತನೆಯ ಬ್ರಷ್‌ನಿಂದ ಬೆನ್ನಿನ ಕಡೆಯಿಂದ ಅಂಚಿನತ್ತ ಧೂಳು ಕೊಡವಿ, ಸ್ಕ್ಯಾನ್ ಮಾಡಿ, ಆಮ್ಲರಹಿತ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ. ಸ್ಕ್ಯಾನ್ ಮಾಡುವಾಗ ಪುಸ್ತಕವನ್ನು ಪೂರ್ತಿ ಬಿಡಿಸಿ ಗಾಜಿಗೆ ಒತ್ತಿದರೆ ಬೆನ್ನು ಲಟಕ್ಕೆನ್ನುತ್ತದೆ. 90ರಿಂದ 120 ಡಿಗ್ರಿಯಷ್ಟೇ ತೆರೆದು, V ಆಕಾರದ ತೊಟ್ಟಿಲಲ್ಲಿಟ್ಟು ಮೇಲಿನಿಂದ ಚಿತ್ರ ತೆಗೆಯಿರಿ. ಬೂಷ್ಟು ಹಿಡಿದಿದ್ದರೆ ಮೊದಲು ಒಣಗಲು ಬಿಡಿ. ಹಸಿ ಬೂಷ್ಟನ್ನು ಒರೆಸಿದರೆ ಅದು ಕಾಗದದೊಳಕ್ಕೆ ಇಳಿಯುತ್ತದೆ. ಒಣಗಿದ್ದನ್ನು ತೆಗೆಯುವಾಗಲೂ ಮುಖಕ್ಕೆ ಮಾಸ್ಕ್ ಇರಲಿ.

ಹರಿದ ಪುಟವನ್ನು ಜೋಡಿಸಲೇಬೇಕಾದರೆ ಬೇಕಾಗುವುದು ಗೋಧಿ ಪಿಷ್ಟದ ಅಂಟು ಮತ್ತು ಜಪಾನಿ ಟಿಶ್ಯೂ, ಅಂದರೆ ಉದ್ದ ನಾರಿನ, ತೆಳುವಾದರೂ ಗಟ್ಟಿಯಾದ ಕಾಗದ. ಮೈದಾ ಅಂಟು ಬೇಡ. ಪಿಷ್ಟದಲ್ಲಿ ತೆಗೆದುಹಾಕಿರುವ ಗ್ಲುಟೆನ್ ಎಂಬ ಪ್ರೋಟೀನ್ ಮೈದಾದಲ್ಲಿ ಉಳಿದಿರುತ್ತದೆ, ಅದು ಹುಳಗಳಿಗೆ ಹಬ್ಬದೂಟ. ಹುಳ ಬಾರದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸುವ ಹಳೆಯ ಕಚೇರಿ ಪದ್ಧತಿ ಇನ್ನೂ ಕೆಟ್ಟದ್ದು, ಮೈಲುತುತ್ತದಲ್ಲಿರುವ ತಾಮ್ರವೇ ಕಾಗದವನ್ನು ಸುಡುತ್ತದೆ. ಒಂದು ಅಳತೆ ಪಿಷ್ಟಕ್ಕೆ ಐದು ಅಳತೆ ಶುದ್ಧ ನೀರು ಹಾಕಿ ಅರ್ಧ ಗಂಟೆ ನೆನೆಯಿಡಿ. ಸ್ಟೀಲ್ ಪಾತ್ರೆಯಲ್ಲಿ, ಸಣ್ಣ ಉರಿಯಲ್ಲಿ, ಕೈಬಿಡದೆ ತಿರುವುತ್ತಾ ಸುಮಾರು ಅರ್ಧ ಗಂಟೆ ಬೇಯಿಸಿ. ಹಾಲಿನ ಬಿಳುಪು ಹೋಗಿ ಮಂಜುಗಾಜಿನ ಬಣ್ಣ ಬಂದರೆ ಹದವಾಯಿತು. ಆರಿದ ಮೇಲೆ ನುಣ್ಣನೆಯ ಜರಡಿಯಲ್ಲಿ ಎರಡು ಮೂರು ಸಲ ತಿಕ್ಕಿ, ಬಳಸುವ ಮುನ್ನ ಗಟ್ಟಿ ಮಜ್ಜಿಗೆಯಷ್ಟು ತೆಳುಮಾಡಿ. ಹುಳಿವಾಸನೆ ಬಂದರೆ ಚೆಲ್ಲಿಬಿಡಿ.

ಟಿಶ್ಯೂ ಚದರ ಮೀಟರಿಗೆ 9ರಿಂದ 12 ಗ್ರಾಂ ತೂಕದ್ದಿರಲಿ. ಅದನ್ನು ಕತ್ತರಿಸಬಾರದು. ಒದ್ದೆ ಬ್ರಷ್‌ನಿಂದ ಗೆರೆ ಎಳೆದು, ಎರಡೂ ಕಡೆ ಹಿಡಿದು ನಿಧಾನಕ್ಕೆ ಎಳೆಯಿರಿ. ಅಂಚಿನಲ್ಲಿ ರೋಮದಂಥ ನಾರುಗಳು ಹೊರಬರುತ್ತವೆ. ಹರಿದ ಪುಟವನ್ನು ಹಿಡಿದುಕೊಳ್ಳುವುದು ಅವೇ. ಕತ್ತರಿಸಿದ ನೇರ ಅಂಚಾದರೆ ಪುಟ ಮುಂದೊಂದು ದಿನ ಅದೇ ಗೆರೆಯಲ್ಲಿ ಮುರಿಯುತ್ತದೆ. ತೀರಾ ದಪ್ಪ ಟಿಶ್ಯೂ ಅಂಟಿಸಿದರೂ ಅದೇ ಗತಿ.

ಹರಿದ ಅಂಚುಗಳಲ್ಲಿ ಒಂದರ ಮೇಲೊಂದು ಕೂರುವ ಓರೆ ಇರುತ್ತದೆ. ಅದು ಸರಿಯಾಗಿ ಕೂರುವವರೆಗೂ ಅಂಟು ತಗಲಿಸಬೇಡಿ. ಗಾಜಿನ ಮೇಲೆ ಟಿಶ್ಯೂ ಪಟ್ಟಿಗೆ ತೆಳುವಾಗಿ ಅಂಟು ಸವರಿ, ಚಿಮಟದಿಂದ ಎತ್ತಿ, ಹರಿದ ಗೆರೆಯ ಮೇಲಿಟ್ಟು ಒಣ ಬ್ರಷ್‌ನಿಂದ ನಡುವಿನಿಂದ ಹೊರಕ್ಕೆ ತಟ್ಟಿ. ಪುಟದ ಕೆಳಗೂ ಮೇಲೂ ಅಂಟಿಕೊಳ್ಳದ, ತೇವ ಹಾಯಲು ಬಿಡುವ ಪಾಲಿಯೆಸ್ಟರ್ ಹಾಳೆ, ಅದರಾಚೆ ಬ್ಲಾಟಿಂಗ್ ಪೇಪರ್, ಕೊನೆಗೆ ಭಾರ. ಹತ್ತು ನಿಮಿಷಕ್ಕೆ ಬ್ಲಾಟಿಂಗ್ ಬದಲಿಸಿ, ಪೂರ್ತಿ ಒಣಗುವವರೆಗೆ ಭಾರದಡಿಯಲ್ಲೇ ಬಿಡಿ. ಅಂಟು ನೀರಾಗಿದ್ದರೆ ತೇವ ಪಕ್ಕಕ್ಕೆ ಹರಿದು, ಕಾಗದದ ಕೊಳೆಯನ್ನೆಲ್ಲ ತಳ್ಳಿಕೊಂಡು ಹೋಗಿ ಕಂದು ಗೆರೆಯಾಗಿ ನಿಲ್ಲುತ್ತದೆ. ಆ ಗೆರೆ ಸುಲಭಕ್ಕೆ ಹೋಗದು.

ಸೆಲ್ಲೋಟೇಪ್ ಮಾತ್ರ ಬೇಡ. ಪ್ಲಾಸ್ಟಿಕ್ ಕಳಚಿ ಬೀಳುತ್ತದೆ, ಹಳದಿ ಅಂಟು ನಾರಿನೊಳಗೇ ಉಳಿಯುತ್ತದೆ. ಪುಟವನ್ನು ಬಿಸಿ ಲ್ಯಾಮಿನೇಷನ್ ಯಂತ್ರಕ್ಕೆ ಕೊಡುವುದೂ ಅಷ್ಟೇ ಹಿಂತಿರುಗದ ದಾರಿ. ಹಾಕಿದ್ದನ್ನು ಒಂದಿಷ್ಟು ತೇವ ತಗಲಿಸಿ ತೆಗೆಯಲು ಬರುವಂತಿರಬೇಕು, ಪಿಷ್ಟದ ಅಂಟನ್ನು ಮೆಚ್ಚುವುದು ಇದಕ್ಕೇ.

ಆಮ್ಲ ತಗ್ಗಿಸಲು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅಥವಾ ಮೆಗ್ನೀಷಿಯಂ ಬೈಕಾರ್ಬನೇಟ್ ದ್ರಾವಣದಲ್ಲಿ ಬಿಡಿ ಹಾಳೆಗಳನ್ನು ಅದ್ದುತ್ತಾರೆ. ಇದು ತರಬೇತಾದವರ ಕೆಲಸ. ಇದರಿಂದ ಸವೆತ ನಿಧಾನವಾಗುತ್ತದೆಯೇ ಹೊರತು, ಕಳೆದುಹೋದ ಬಲ ಮರಳುವುದಿಲ್ಲ. ಅದ್ದುವ ಮೊದಲು ಗ್ರಂಥಾಲಯದ ನೇರಳೆ ಮೊಹರಿನ ಮೇಲೆ ಒಂದು ಹನಿ ನೀರಿಟ್ಟು ಬ್ಲಾಟಿಂಗ್ ಒತ್ತಿ ನೋಡಿ. ಅಚ್ಚಿನ ಶಾಯಿ ಕದಲದಿದ್ದರೂ ಮೊಹರು ಬಣ್ಣ ಬಿಟ್ಟು ಪುಟವನ್ನೆಲ್ಲ ನೇರಳೆ ಮಾಡೀತು.

ಕಪಾಟಿನ ಕೋಣೆಯಲ್ಲಿ ತೇವಾಂಶ ಶೇ 45ರಿಂದ 55ರ ಆಸುಪಾಸಿನಲ್ಲಿರಲಿ. ಶೇ 65 ದಾಟಿದರೆ ಬೂಷ್ಟಿಗೆ ಬಾಗಿಲು ತೆರೆದಂತೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇದು ಕಷ್ಟದ ಮಾತೇ. ಆದರೆ ಹಗಲು ಎಸಿ ಹಾಕಿ ಸಂಜೆ ಬೀಗ ಹಾಕುವಾಗ ಆರಿಸುವುದು ಏನೂ ಹಾಕದಿರುವುದಕ್ಕಿಂತ ಕೆಡುಕು. ತಣ್ಣಗಾದ ರಟ್ಟಿಗೆ ರಾತ್ರಿಯ ಒದ್ದೆ ಗಾಳಿ ಬಡಿದು ತೇವ ಕೂರುತ್ತದೆ. ಅದಕ್ಕಿಂತ ಕಪಾಟನ್ನು ಗೋಡೆಯಿಂದ ಒಂದು ಗೇಣು ಮುಂದಿಟ್ಟು, ದಿನವಿಡೀ ಫ್ಯಾನ್ ತಿರುಗಿಸುವುದು ಮೇಲು.

ಪೆಟ್ಟಿಗೆ ಮುಚ್ಚುವ ಮುನ್ನ ಆಮ್ಲರಹಿತ ಕಾಗದದ ಚೀಟಿಯೊಂದರಲ್ಲಿ, ಪೆನ್ಸಿಲಿನಲ್ಲಿ, ದಿನಾಂಕ, ಬಳಸಿದ ಅಂಟು, ಟಿಶ್ಯೂ ತೂಕ ಮತ್ತು ರಿಪೇರಿಯಾದ ಪುಟಸಂಖ್ಯೆ ಬರೆದಿಡಿ. ಮುಂದೆ ಆ ಟಿಶ್ಯೂ ಪಟ್ಟಿಯನ್ನು ಬಿಡಿಸಬೇಕಾದವರು ಮೊದಲು ಹುಡುಕುವುದು ಈ ಚೀಟಿಯನ್ನೇ.